ಕಾಡು ಹೊಗುವ ಮುನ್ನ ಉಪಗ್ರಹ ಹಿಡಿಯಿರಿ

ಸಕಲೇಶಪುರದ ಕಡೆಯಿಂದ ಕುಕ್ಕೆಗೆ ಹೊರಟ ಬೈಕುಗಳು ವಣಗೂರು ದಾಟಿ ಬಿಸಿಲೆಯ ಕಾಡಿಗಿಳಿದವೆಂದರೆ ಒಂದೇ ಬಗೆಯ ದೂರು ಶುರುವಾಗುತ್ತದೆ. ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನಲ್ಲಿ ನೀಲಿ ಚುಕ್ಕಿ ಅಲ್ಲಾಡದೆ ನಿಂತುಬಿಡುತ್ತದೆ; ಬೈಕು ಆಗಲೇ ಎರಡು ತಿರುವು ಮುಂದೆ ಹೋಗಿರುತ್ತದೆ. ಆಮೇಲೆ ಚುಕ್ಕಿ ಒಮ್ಮೆಲೇ ಹಾರಿ ಹೊಳೆಯಾಚೆಯ ಗುಡ್ಡದ ಮೇಲೆ ಹೋಗಿ ಕೂರುತ್ತದೆ. ‘ಟವರ್ ಇಲ್ವಲ್ಲ, ಅದಕ್ಕೇ’ ಎಂದು ಒಬ್ಬರು ಹೇಳಿದರೆ, ‘ಮೋಡ ಕವ್ಕೊಂಡಿದೆ ಮಾರಾಯ, ಸಿಗ್ನಲ್ ಎಲ್ಲಿಂದ ಬರ್ಬೇಕು’ ಎಂದು ಇನ್ನೊಬ್ಬರು. ಮೊದಲ ಮಾತು ಅರ್ಧ ನಿಜ. ಎರಡನೆಯದರಲ್ಲಿ ನಿಜವೇ ಇಲ್ಲ.

ಜಿಪಿಎಸ್ ಪಶ್ಚಿಮ ಘಟ್ಟದ ಕಾಡಿನಲ್ಲಿ ತಡವರಿಸುವುದಕ್ಕೆ ಸ್ಪಷ್ಟ ಕಾರಣಗಳಿವೆ. ಅವನ್ನು ತಿಳಿದುಕೊಂಡವರು ಅದೇ ಕಾಡಿನಲ್ಲಿ, ಅದೇ ಫೋನಿನಿಂದ, ಬಹುಪಾಲು ಸರಿಯಾದ ಜಾಗವನ್ನೇ ಪಡೆಯಬಲ್ಲರು. ದುಬಾರಿ ಸಾಧನ ಕೊಂಡು ತರುವುದಕ್ಕಿಂತ, ಕಾಡು ಹೊಗುವ ಮುನ್ನ ಬಯಲಿನಲ್ಲಿ ಐದು ನಿಮಿಷ ನಿಲ್ಲುವುದರಿಂದ ಆಗುವ ಉಪಕಾರ ದೊಡ್ಡದು. ಈ ಮಾತು ಯಾಕೆ ನಿಜ ಎಂದು ತಿಳಿಯಬೇಕಾದರೆ, ಉಪಗ್ರಹದ ಸಿಗ್ನಲ್ ನಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟು ಸೊರಗಿರುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಒಂದು ಸುತ್ತಿಗೆ ಹನ್ನೆರಡು ಗಂಟೆಗೆ ಎರಡು ನಿಮಿಷ ಕಡಿಮೆ. ಒಂದೊಂದು ಉಪಗ್ರಹ ಪ್ರಸಾರಕ್ಕೆ ಬಳಸುವುದು ಕೆಲವು ಹತ್ತು ವಾಟ್‌ಗಳ ಶಕ್ತಿ ಮಾತ್ರ. ಅದು ಅಷ್ಟು ದೂರ ಇಳಿದು, ಭೂಮಿಯ ಕಾಣುವ ಭಾಗಕ್ಕೆಲ್ಲ ಹರಡಿ, ನಮ್ಮ ಆಂಟೆನಾಕ್ಕೆ ತಲಪುವಾಗ ಉಳಿಯುವುದೆಷ್ಟು? ಒಂದು ವಾಟನ್ನು ಹತ್ತು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಚೂರು ಮಾಡಿದರೆ ಸಿಗುವ ಒಂದು ಚೂರಿನಷ್ಟು. ಇದೂ ಆಕಾಶ ಪೂರ್ತಿ ತೆರೆದಿರುವ ಬಯಲಿನ ಲೆಕ್ಕ. ರಿಸೀವರ್‌ನ ಒಳಗೇ ಹುಟ್ಟುವ ವಿದ್ಯುತ್ ಗದ್ದಲ ಇದಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು ಜೋರಾಗಿರುತ್ತದೆ.

ಇಷ್ಟು ಗದ್ದಲದ ಅಡಿಯಲ್ಲಿ ಹೂತುಹೋದ ಸಿಗ್ನಲನ್ನು ಹೆಕ್ಕಿ ತೆಗೆಯುವುದು ಹೇಗೆ? ಜಾತ್ರೆಯ ಗಲಾಟೆಯಲ್ಲಿ ಯಾರೋ ದೂರದಲ್ಲಿ ಒಂದೇ ಮಾತನ್ನು ಬಿಡದೆ ಕೂಗುತ್ತಿದ್ದರೆ, ಆ ಮಾತು ಏನೆಂದು ಮೊದಲೇ ಗೊತ್ತಿದ್ದವರ ಕಿವಿಗೆ ಅದು ಬೀಳುತ್ತದೆ, ಉಳಿದವರಿಗೆ ಇಲ್ಲ. ಜಿಪಿಎಸ್ ನಡೆಯುವುದು ಈ ಬಗೆಯಲ್ಲೇ. ಪ್ರತಿ ಉಪಗ್ರಹಕ್ಕೂ 1,023 ಬಿಡಿ ಸಂಕೇತಗಳ ತನ್ನದೇ ಸರಣಿಯಿದೆ. ಅದನ್ನು ಸೆಕೆಂಡಿಗೆ ಸಾವಿರ ಸಲ ಕಳಿಸುತ್ತಲೇ ಇರುತ್ತದೆ. ಆ ಸರಣಿಯ ನಕಲು ರಿಸೀವರ್‌ನಲ್ಲಿ ಮೊದಲೇ ಇದೆ. ನಕಲನ್ನು ಹಿಂದೆ ಮುಂದೆ ಸರಿಸುತ್ತ, ಬರುವ ಗದ್ದಲದ ಜೊತೆ ಹೊಂದಿಸಿ ನೋಡುತ್ತದೆ. ಎಲ್ಲಿ ಹೊಂದಿತೋ ಅಲ್ಲಿಗೆ ಸಿಗ್ನಲ್ ಹೊರಟು ಬರಲು ಹಿಡಿದ ಕಾಲ ಸಿಕ್ಕಿತು. ಕಾಲದಿಂದ ದೂರ ಸಿಕ್ಕಿತು. ಲೆಕ್ಕ ತುಂಬ ಸೂಕ್ಷ್ಮ: ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಅಗ್ಗದ ಫೋನಿನ ಗಡಿಯಾರಕ್ಕೆ ಅಷ್ಟು ನಿಖರತೆ ಇಲ್ಲವಾದ್ದರಿಂದ ಮೂರರ ಬದಲು ನಾಲ್ಕು ಉಪಗ್ರಹಗಳ ದೂರ ಬೇಕು; ನಾಲ್ಕನೆಯದು ಆ ಗಡಿಯಾರದ ತಪ್ಪನ್ನು ಕಳೆಯುತ್ತದೆ.

ಹಿಡಿಯುವುದು ಬೇರೆ, ಹಿಡಿದಿಟ್ಟುಕೊಳ್ಳುವುದು ಬೇರೆ

ಕಾಡಿನಲ್ಲಿ ಬೈಕು ಓಡಿಸುವವರು ತಿಳಿದಿರಲೇಬೇಕಾದ ಸಂಗತಿ ಇಲ್ಲಿದೆ. ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಗೊತ್ತಾದರೆ ಸಾಲದು, ಅದು ಆ ಕ್ಷಣ ಆಕಾಶದಲ್ಲಿ ಎಲ್ಲಿತ್ತು ಎಂಬುದೂ ಗೊತ್ತಾಗಬೇಕು. ಆ ವಿವರವನ್ನು ಉಪಗ್ರಹವೇ ತನ್ನ ಸಿಗ್ನಲ್ ಮೇಲೆ ಹೊರಿಸಿ ಕಳಿಸುತ್ತದೆ. ಆದರೆ ಅದರ ವೇಗ ಸೆಕೆಂಡಿಗೆ 50 ಬಿಟ್ ಮಾತ್ರ. 1970ರ ದಶಕದ ವಿನ್ಯಾಸ ಅದು, ಇಂದಿಗೂ ಹಾಗೇ ಇದೆ. ಒಂದು ಉಪಗ್ರಹದ ಕಕ್ಷೆಯ ವಿವರ ಪೂರ್ತಿ ಓದಲು 18 ಸೆಕೆಂಡ್ ಬೇಕು. ಅದು 30 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ನಡುವೆ ಒಂದು ತುಣುಕು ಕೆಟ್ಟರೂ ಆ ತುಣುಕಿಗಾಗಿ ಮುಂದಿನ ಸುತ್ತಿನವರೆಗೆ ಕಾಯಬೇಕು. ಎಲ್ಲ ಉಪಗ್ರಹಗಳ ಒರಟು ಪಟ್ಟಿಯನ್ನು ಓದಿ ಮುಗಿಸಲಂತೂ ಹನ್ನೆರಡೂವರೆ ನಿಮಿಷ ಬೇಕಾಗುತ್ತದೆ.

ಈಗ ಬಿಸಿಲೆಯ ಕಾಡಿನೊಳಗೆ ಬಂದ ಮೇಲೆ ಜಿಪಿಎಸ್ ಆನ್ ಮಾಡಿದವರ ಪಾಡು ನೋಡಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೂ ಬೈಕು ಸೆಕೆಂಡಿಗೆ ಐದೂವರೆ ಮೀಟರ್ ಸರಿಯುತ್ತದೆ. ಒಂದು ಕ್ಷಣ ಕೊಂಬೆಗಳ ಸಂದಿನಿಂದ ಉಪಗ್ರಹ ಕಾಣುತ್ತದೆ, ಮರುಕ್ಷಣ ಮರದ ಬೊಡ್ಡೆ ಅಡ್ಡ ಬರುತ್ತದೆ. ಕೈಜಿಪಿಎಸ್‌ನ ಉಪಗ್ರಹ ಪುಟ ತೆರೆದಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ: ಪರದೆಯ ಕೆಳಗಿನ ಕಂಬಗಳು ಏರುತ್ತವೆ, ಅರ್ಧಕ್ಕಿಳಿಯುತ್ತವೆ, ಮಾಯವಾಗುತ್ತವೆ. ಕೆಲವು ಕಂಬಗಳು ಬರೀ ಚೌಕಟ್ಟಾಗಿಯೇ ಉಳಿದು ಒಳಗೆ ಬಣ್ಣ ತುಂಬುವುದೇ ಇಲ್ಲ. ಅಂದರೆ ಸಿಗ್ನಲ್ ಕೇಳಿಸುತ್ತಿದೆ, ಆದರೆ ಕಕ್ಷೆಯ ವಿವರ ಪೂರ್ತಿಯಾಗಿಲ್ಲ. 18 ಸೆಕೆಂಡ್ ಎಡೆಬಿಡದೆ ಸಿಕ್ಕದ ಕಾರಣ ಅದು ಪೂರ್ತಿಯಾಗುವುದೂ ಇಲ್ಲ. ಹೀಗೆಯೇ ಅರ್ಧ ಗಂಟೆ ಕಳೆದುಹೋಗಬಹುದು.

ಅದೇ ಸಾಧನ ಬಯಲಿನಲ್ಲಿ ಎರಡು ಮೂರು ನಿಮಿಷ ನಿಂತು ಕಕ್ಷೆಯ ವಿವರಗಳನ್ನೆಲ್ಲ ತುಂಬಿಕೊಂಡು ಒಳಗೆ ಬಂದಿದ್ದರೆ ಕಥೆಯೇ ಬೇರೆ. ಆ ವಿವರ ಸುಮಾರು ನಾಲ್ಕು ಗಂಟೆ ಬಾಳುತ್ತದೆ. ಆ ಮೇಲೆ ರಿಸೀವರ್ ಮಾಡಬೇಕಾದ್ದು ಗುರುತಿರುವ ಸರಣಿಯನ್ನು ಬಿಡದೆ ಹಿಂಬಾಲಿಸುವ ಕೆಲಸ ಮಾತ್ರ. ಮೊದಲ ಸಲ ಹಿಡಿಯಲು ಎಷ್ಟು ಶಕ್ತಿಯ ಸಿಗ್ನಲ್ ಬೇಕಿತ್ತೋ, ಅದಕ್ಕಿಂತ ಹತ್ತಾರು ಪಟ್ಟು ಕ್ಷೀಣವಾದದ್ದನ್ನೂ ಈಗಿನ ಚಿಪ್‌ಗಳು ಹಿಡಿದಿಟ್ಟುಕೊಳ್ಳಬಲ್ಲವು. ಬಿಸಿಲೆಯ ವ್ಯೂ ಪಾಯಿಂಟ್‌ನಲ್ಲಿ ಎಲ್ಲರೂ ಹೇಗೂ ಬೈಕು ನಿಲ್ಲಿಸಿ ಕುಮಾರ ಪರ್ವತದ ಸಾಲನ್ನು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಅಲ್ಲಿ ಆಕಾಶ ತೆರೆದಿದೆ. ಜಿಪಿಎಸ್ ಸಿದ್ಧ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಆ ದಾರಿಯಲ್ಲಿ ಬೇರೆ ಬೇಕಿಲ್ಲ.

‘ಟವರ್ ಇಲ್ಲ’ ಎಂಬ ಮಾತಿನ ಅರ್ಧ ಸತ್ಯವೂ ಇಲ್ಲೇ ಇದೆ. ಊರಿನಲ್ಲಿ ಫೋನು ಕಕ್ಷೆಯ ವಿವರಕ್ಕಾಗಿ ಉಪಗ್ರಹದ ಮುಂದೆ ಕಾಯುತ್ತ ಕೂರುವುದಿಲ್ಲ. ಮೊಬೈಲ್ ಡೇಟಾದ ಮೂಲಕ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಆದ್ದರಿಂದಲೇ ಬೆಂಗಳೂರಿನಲ್ಲಿ ಚುಕ್ಕಿ ತಟ್ಟನೆ ಮೂಡುತ್ತದೆ. ಘಾಟಿಯಲ್ಲಿ ಟವರ್ ತಪ್ಪಿದರೆ ಆ ನೆರವೂ ತಪ್ಪುತ್ತದೆ, ಫೋನು ತಾನೇ ಆಕಾಶದಿಂದ ಓದಿಕೊಳ್ಳಬೇಕಾಗುತ್ತದೆ. ಜಿಪಿಎಸ್ ನಡೆಯಲು ಟವರ್ ಬೇಕಾಗಿಯೇ ಇಲ್ಲ. ಬೇಕಾಗುವುದು ಬೇಗ ಶುರುವಾಗಲು ಮತ್ತು ನಕ್ಷೆ ತರಿಸಲು. ಎಷ್ಟೋ ಸಲ ಚುಕ್ಕಿ ಸರಿಯಾದ ಜಾಗದಲ್ಲೇ ಇದ್ದು, ಅದರ ಹಿಂದಿನ ನಕ್ಷೆ ಮಾತ್ರ ಖಾಲಿಯಾಗಿರುತ್ತದೆ. ನೋಡಿದವರು ಜಿಪಿಎಸ್ ಕೈಕೊಟ್ಟಿತೆಂದು ಫೋನನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಕಾಡಿನ ನಡುವೆ ಮಾಡಬಾರದ ಕೆಲಸ ಅದು.

ಎಲೆ, ನೀರು, ಬೊಡ್ಡೆ

ಇನ್ನು ಮೋಡದ ವಿಷಯ. ಜಿಪಿಎಸ್‌ನ ಮುಖ್ಯ ತರಂಗ 1575.42 ಮೆಗಾಹರ್ಟ್ಸ್‌ನದು, ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಆ ಗಾತ್ರದ ಅಲೆಗೆ ಮೋಡ, ಮಂಜು, ಮಳೆಹನಿ ಯಾವುದೂ ಅಡ್ಡಿಯೆನ್ನುವಷ್ಟು ಅಡ್ಡಿಯಲ್ಲ. ಆಗುಂಬೆಯ ಜಡಿಮಳೆಯಲ್ಲೂ ಬಸ್ ನಿಲ್ದಾಣದ ಎದುರಿನ ಬಯಲಿನಲ್ಲಿ ನಿಂತರೆ ಜಾಗ ಸರಿಯಾಗಿಯೇ ಬರುತ್ತದೆ.

ಅಡ್ಡಿ ಇರುವುದು ಎಲೆಯ ಒಳಗಿನ ನೀರಿನಲ್ಲಿ. ಹಸಿ ಎಲೆ, ಹಸಿ ಕೊಂಬೆ, ಹಸಿ ಬೊಡ್ಡೆ ಎಲ್ಲದರಲ್ಲೂ ನೀರು ತುಂಬಿದೆ. ನೀರು ಈ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ದಟ್ಟವಾದ ಒಂದೇ ಮರ ಅಡ್ಡ ಬಂದರೂ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬಹುದು. ಒಂದರ ಹಿಂದೆ ಒಂದು ಎರಡು ಮರ ಬಂದರೆ ನೂರರಲ್ಲಿ ಒಂದು ಪಾಲು. ಧೂಪ, ನಾಗಸಂಪಿಗೆ, ಹೆಬ್ಬಲಸು ಬೆಳೆದ ನಿತ್ಯಹರಿದ್ವರ್ಣ ಕಾಡಿನಲ್ಲಿ ಮೇಲೊಂದು ಹಸಿರಿನ ಪದರ, ಅದರಡಿ ಇನ್ನೊಂದು, ಅದರಡಿ ಬೆತ್ತ, ಬಳ್ಳಿ, ಪೊದೆ. ನೇರ ತಲೆಯ ಮೇಲಿರುವ ಉಪಗ್ರಹದ ಸಿಗ್ನಲ್ ಈ ಪದರಗಳನ್ನು ಅಡ್ಡಡ್ಡ ದಾಟಿ ಬರುತ್ತದೆ. ಪಕ್ಕದಲ್ಲಿ ಕೆಳಗಿರುವ ಉಪಗ್ರಹದ ಸಿಗ್ನಲ್ ಓರೆಯಾಗಿ, ಹತ್ತಾರು ಮರಗಳ ನಡುವೆ ನುಸುಳಿ ಬರಬೇಕು. ಆದ್ದರಿಂದ ಕಾಡಿನಲ್ಲಿ ಮೊದಲು ಕೈಬಿಡುವುದು ದಿಗಂತದ ಕಡೆಯ ಉಪಗ್ರಹಗಳು.

ಮಳೆ ಬಿದ್ದು ನಿಂತ ಮೇಲೆ ಎಲೆಗಳ ಮೇಲೆ ನೀರಿನ ಪೊರೆ ಉಳಿಯುತ್ತದಲ್ಲ, ಅದರಿಂದ ಸಿಗ್ನಲ್ ಇನ್ನಷ್ಟು ಇಳಿಯುತ್ತದೆ. ‘ಮೋಡ ಇದ್ದ ದಿನ ಸಿಗ್ನಲ್ ಬರಲಿಲ್ಲ’ ಎಂಬ ಅನುಭವ ಹುಟ್ಟುವುದು ಇಲ್ಲಿ. ನೋಡಿದ್ದು ನಿಜ, ಕಾರಣ ಮಾತ್ರ ಆಕಾಶದಲ್ಲಿಲ್ಲ, ಮರದ ಮೇಲಿದೆ.

ಕಾಡಿನಿಂದ ಕಾಡಿಗೆ, ತಿಂಗಳಿಂದ ತಿಂಗಳಿಗೆ ಇದು ಬದಲಾಗುತ್ತ ಹೋಗುವುದನ್ನು ಗಮನಿಸಬೇಕು. ನಾಗರಹೊಳೆ, ಬಂಡೀಪುರದ ಕಡೆಯ ತೇಗ, ಮತ್ತಿ, ನಂದಿ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸುತ್ತವೆ. ಮಾರ್ಚ್‌ನಲ್ಲಿ ಅಲ್ಲಿ ಆಕಾಶ ಧಾರಾಳವಾಗಿ ಕಾಣುತ್ತದೆ, ಆಗಸ್ಟ್‌ನಲ್ಲಿ ಇಲ್ಲ. ಘಟ್ಟದ ಬುಡದಲ್ಲಿ ಸುಳ್ಯ, ಕಡಬದ ರಬ್ಬರ್ ತೋಟಗಳು ಚಳಿಗಾಲದಲ್ಲಿ ಎಲೆ ಬಿಚ್ಚಿ ಬರಿದಾಗುತ್ತವೆ. ಮೇಲೆ ಕಾಫಿ ಸೀಮೆಯಲ್ಲಿ ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿ ನೆರಳು ತೆಳುವಾಗಿಸುತ್ತಾರೆ. ಆ ಕೆಲಸ ಮುಗಿದ ತೋಟದ ಜೀಪು ದಾರಿಯಲ್ಲಿ ಜಿಪಿಎಸ್ ಚುರುಕಾಗಿರುತ್ತದೆ. ಸಿಲ್ವರ್ ಓಕ್ ಸಾಲು ಎಷ್ಟೇ ಎತ್ತರವಿದ್ದರೂ ತೆಳ್ಳಗೆ ನೆಟ್ಟಗೆ ನಿಲ್ಲುವುದರಿಂದ ಸಂದು ಬಿಡುತ್ತದೆ. ಬಿಸಿಲೆ, ಆಗುಂಬೆ, ಕುದುರೆಮುಖದ ಶೋಲಾ ಕಾಡುಗಳಲ್ಲಿ ಮಾತ್ರ ವರ್ಷವಿಡೀ ಒಂದೇ ಕಥೆ.

ಗುಡ್ಡದ ತೊಂದರೆ ಮರದ ತೊಂದರೆಗಿಂತ ಬೇರೆ ರೀತಿಯದು. ಮರ ಸಿಗ್ನಲನ್ನು ಕ್ಷೀಣಗೊಳಿಸುತ್ತದೆ, ಗುಡ್ಡ ಪೂರ್ತಿ ಮುಚ್ಚುತ್ತದೆ. ಪೂರ್ವ–ಪಶ್ಚಿಮವಾಗಿ ಚಾಚಿದ ಕಣಿವೆಯ ತಳದಲ್ಲಿ ಇದ್ದೀರಿ ಎನ್ನೋಣ. ಉತ್ತರದ, ದಕ್ಷಿಣದ ಉಪಗ್ರಹಗಳನ್ನು ಎರಡೂ ಬದಿಯ ಗುಡ್ಡ ಮರೆಮಾಡಿದೆ. ಉಳಿದವು ಕಣಿವೆಯ ಉದ್ದಕ್ಕೆ ಒಂದೇ ಸಾಲಿನಲ್ಲಿವೆ. ಆಗ ಕಣಿವೆಯ ಉದ್ದದ ಲೆಕ್ಕ ಸರಿ ಬರುತ್ತದೆ, ಅಡ್ಡದ ಲೆಕ್ಕ ತೂಗಾಡುತ್ತದೆ. ನೀಲಿ ಚುಕ್ಕಿ ಹೊಳೆ ದಾಟಿ ಆಚೆ ಗುಡ್ಡಕ್ಕೆ ಹೋಗಿ ಕೂರುವುದು ಇದೇ ಕಾರಣಕ್ಕೆ. ಇದರ ಜೊತೆಗೆ, ಒದ್ದೆ ಬಂಡೆಗೆ ತಾಗಿ ಪ್ರತಿಫಲಿಸಿದ ಸಿಗ್ನಲ್ ಸುತ್ತುದಾರಿ ಹಿಡಿದು ತಡವಾಗಿ ಬರುತ್ತದೆ. ತಡವೆಂದರೆ ಹೆಚ್ಚು ದೂರ ಎಂದು ರಿಸೀವರ್ ತಿಳಿಯುತ್ತದೆ. ನೇರ ಸಿಗ್ನಲ್ ಮರದಲ್ಲಿ ಸೊರಗಿ, ಪ್ರತಿಫಲಿಸಿದ್ದು ಜೋರಾಗಿದ್ದರೆ ಹತ್ತಾರು ಮೀಟರ್ ತಪ್ಪು ಖಂಡಿತ.

ಊರಿನ ರಸ್ತೆಯಲ್ಲಿ ಹತ್ತಾರು ಮೀಟರ್ ತಪ್ಪಿದರೆ ಯಾರಿಗೂ ತಿಳಿಯುವುದೇ ಇಲ್ಲ. ಚಾರ್ಮಾಡಿಯಂಥ ಘಾಟಿಯಲ್ಲಿ ಅದೇ ರಸ್ತೆಯ ಮೇಲಿನ ತಿರುವಿಗೂ ಕೆಳಗಿನ ತಿರುವಿಗೂ ನಕ್ಷೆಯ ಮೇಲೆ ಇರುವ ಅಂತರವೇ ಅಷ್ಟು. ಕಾರು ಓಡಿಸುವವರಿಗೆಂದು ಮಾಡಿದ ಆ್ಯಪ್‌ಗಳು ಚುಕ್ಕಿಯನ್ನು ಎಳೆದು ಹತ್ತಿರದ ರಸ್ತೆಗೆ ಅಂಟಿಸುತ್ತವೆ. ಮೇಲಿದ್ದವರನ್ನು ಕೆಳಗಿನ ತಿರುವಿನಲ್ಲಿ ತೋರಿಸಿ, ‘ಎಡಕ್ಕೆ ತಿರುಗಿ’ ಎನ್ನುತ್ತವೆ. ಕಚ್ಚಾ ದಾರಿಯಲ್ಲಿ, ತೋಟದ ದಾರಿಯಲ್ಲಿ ಹೋಗುವವರು ರಸ್ತೆಗೆ ಅಂಟಿಸುವ ಈ ಸೌಲಭ್ಯವಿಲ್ಲದ ಆ್ಯಪ್ ಬಳಸುವುದು, ಇಲ್ಲವೇ ಆ ಆಯ್ಕೆಯನ್ನು ಮುಚ್ಚುವುದು ಒಳ್ಳೆಯದು.

ನೀಲಿ ಚುಕ್ಕಿಯ ಸುತ್ತ ತಿಳಿನೀಲಿ ವೃತ್ತವೊಂದು ಹಿಗ್ಗಿ ಕುಗ್ಗುತ್ತಿರುತ್ತದೆ. ಚುಕ್ಕಿಗಿಂತ ಅದನ್ನು ನೋಡಬೇಕು. ತೆರೆದ ಆಕಾಶದಡಿ ಫೋನಿನ ನಿಖರತೆ ಸುಮಾರು ಐದು ಮೀಟರ್. ಕಾಡಿನಲ್ಲಿ ವೃತ್ತ 30, 50 ಮೀಟರಿಗೆ ಹಿಗ್ಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಆ ವೃತ್ತದ ಅರ್ಥ, ನೀವು ಅದರ ಒಳಗಿರುವ ಸಾಧ್ಯತೆ ನೂರಕ್ಕೆ 68. ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ನೀವು ವೃತ್ತದ ಹೊರಗೇ ಇರುತ್ತೀರಿ ಎಂದಾಯಿತು. ಕವಲು ದಾರಿಯಲ್ಲಿ ನಿಂತು ಯಾವ ಕಡೆ ಎಂದು ತೀರ್ಮಾನಿಸುವಾಗ ಇದು ನೆನಪಿರಲಿ.

ಎತ್ತರದ ಅಂಕಿಯನ್ನು ನಂಬಿ ದಾರಿ ಲೆಕ್ಕ ಹಾಕುವವರಿಗೂ ಒಂದು ಮಾತು ಹೇಳಬೇಕು. ಜಿಪಿಎಸ್ ಎತ್ತರವನ್ನು ಅಳೆಯುವುದು ಸಮುದ್ರಮಟ್ಟದಿಂದ ಅಲ್ಲ, ಭೂಮಿಗೆ ಗಣಿತದಲ್ಲಿ ಕಲ್ಪಿಸಿದ ನಯವಾದ ಮೈಯಿಂದ. ದಕ್ಷಿಣ ಭಾರತದಲ್ಲಿ ಗುರುತ್ವ ಕಡಿಮೆಯಿರುವ ಕಾರಣ ನಿಜವಾದ ಸಮುದ್ರಮಟ್ಟ ಆ ಕಲ್ಪಿತ ಮೈಗಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಈ ತಗ್ಗು 100 ಮೀಟರ್ ದಾಟುತ್ತದೆ. ಅದು ಹೇಗೆ ಉಂಟಾಯಿತೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ವಿವರಣೆಯೊಂದನ್ನು ಮುಂದಿಟ್ಟರು. ಈ ತಿದ್ದುಪಡಿ ಮಾಡಿಕೊಳ್ಳದ ಆ್ಯಪ್ ಹಿಡಿದು ಮಲ್ಪೆಯ ಕಡಲ ದಂಡೆಯಲ್ಲಿ ನಿಂತರೆ ಎತ್ತರ ‘ಮೈನಸ್ 80’ರ ಆಚೆಗೆ ತೋರಿಸುತ್ತದೆ. ಘಟ್ಟದ ಮೇಲೂ ಅಷ್ಟೇ ಕೊರತೆ. ಬೆಟ್ಟದ ನೆತ್ತಿ ಇನ್ನೂ 80 ಮೀಟರ್ ಮೇಲಿದೆ ಎಂದು ತಪ್ಪು ತಿಳಿದು, ಬಂದ ದಾರಿ ಸರಿಯೋ ಅಲ್ಲವೋ ಎಂದು ಗೊಂದಲಗೊಳ್ಳುವುದು ಇದರಿಂದ.

ಕೈಯಲ್ಲಿ, ಹೆಗಲಲ್ಲಿ, ಹ್ಯಾಂಡಲ್‌ನಲ್ಲಿ

2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕವು ನಾಗರಿಕರ ಜಿಪಿಎಸ್ ಸಿಗ್ನಲನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. 100 ಮೀಟರ್ ತಪ್ಪು ಆಗ ಸಾಮಾನ್ಯ. ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಿಂದ ಅದು ನಿಂತಿತು. ಆದರೂ ಆ ಕಾಲದ ಕೈಸಾಧನಗಳು ದಟ್ಟ ಮರದಡಿ ಸುಮ್ಮನಾಗಿಬಿಡುತ್ತಿದ್ದವು. 2004ರ ಸುಮಾರಿಗೆ ಬಂದ ಸರ್ಫ್‌ಸ್ಟಾರ್-3 ಎಂಬ ಚಿಪ್ ಪರಿಸ್ಥಿತಿಯನ್ನು ಬದಲಿಸಿತು. ಮೊದಲಿನವು ಸರಣಿಯನ್ನು ಒಂದೊಂದಾಗಿ ಸರಿಸಿ ಹೊಂದಿಸಿ ನೋಡುತ್ತಿದ್ದರೆ, ಇದು ಎರಡು ಲಕ್ಷಕ್ಕೂ ಹೆಚ್ಚು ಹೊಂದಾಣಿಕೆಗಳನ್ನು ಏಕಕಾಲಕ್ಕೆ ಪರೀಕ್ಷಿಸುತ್ತಿತ್ತು. ಅದನ್ನು ಅಳವಡಿಸಿಕೊಂಡು ಬಂದ ಗಾರ್ಮಿನ್ 60ಸಿಎಸ್‌ಎಕ್ಸ್ ಕಾಡಿನಲ್ಲಿ ಓಡಾಡುವವರ ಅಚ್ಚುಮೆಚ್ಚಾಯಿತು. ಅದರ ನೆತ್ತಿಯಲ್ಲಿ ಗಿಡ್ಡ ಕೊಂಬಿನಂಥ ಆಂಟೆನಾ ಇತ್ತು. ಒಳಗೆ ನಾಲ್ಕು ತಂತಿಗಳು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಈ ಬಗೆಯ ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕು. ಇನ್ನೊಂದು ಬಗೆ, ಚಪ್ಪಟೆ ಪಿಂಗಾಣಿ ಬಿಲ್ಲೆಯದು. ಅದನ್ನು ಆಕಾಶಕ್ಕೆ ಮುಖ ಮಾಡಿ ಅಂಗಾತ ಹಿಡಿಯಬೇಕು. ಒಳ್ಳೆಯ ಸಾಧನ ಕೊಂಡು ಅದನ್ನು ಅಡ್ಡ ಹಿಡಿದರೆ ಅರ್ಧ ಆಕಾಶವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಫೋನಿನ ಆಂಟೆನಾ ಇವೆರಡಕ್ಕಿಂತಲೂ ಚಿಕ್ಕದು, ಚೌಕಟ್ಟಿನ ಅಂಚಿನಲ್ಲಿ ಅಡಗಿರುವಂಥದ್ದು. ಬಯಲಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಕಾಡಿನಲ್ಲಿ ತಿಳಿಯುತ್ತದೆ. ಆದರೆ ಈಗಿನ ಫೋನುಗಳಿಗೆ ಬೇರೊಂದು ಬಲವಿದೆ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಉಪಗ್ರಹಗಳನ್ನೂ ಅವು ಕೇಳುತ್ತವೆ. ನಮ್ಮ ಆಕಾಶದಲ್ಲಿ ಒಂದೇ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಕಾಣುತ್ತವೆ. ಹಸಿರು ಸೂರಿನ ತೂತುಗಳು ಎಷ್ಟಿವೆಯೋ ಅಷ್ಟೇ ಇರುತ್ತವೆ, ಆದರೆ ಅವುಗಳ ಹಿಂದೆ ಉಪಗ್ರಹವೊಂದು ಇರುವ ಸಾಧ್ಯತೆ ಹಲವು ಪಟ್ಟು ಹೆಚ್ಚುತ್ತದೆ. 2018ರಲ್ಲಿ ಶವೋಮಿ ಮಿ 8 ಫೋನಿನಿಂದ ಆರಂಭವಾಗಿ ಎರಡು ತರಂಗಗಳನ್ನು ಕೇಳುವ ಫೋನುಗಳು ಬಂದವು. ಎಲ್-5 ಎಂಬ ಎರಡನೆಯ ತರಂಗದ ಸಂಕೇತಗಳು ಹತ್ತು ಪಟ್ಟು ಕಿರಿದು: ಹಳೆಯದರಲ್ಲಿ ಒಂದೊಂದು ಸಂಕೇತ 293 ಮೀಟರ್ ಉದ್ದಕ್ಕೆ ಹರಡಿದ್ದರೆ ಇದರಲ್ಲಿ 29 ಮೀಟರ್. ಬಂಡೆಗೆ ತಾಗಿ ತಡವಾಗಿ ಬಂದದ್ದನ್ನು ನೇರವಾಗಿ ಬಂದದ್ದರಿಂದ ಬೇರ್ಪಡಿಸಲು ಇದು ಬಹಳ ನೆರವಾಗುತ್ತದೆ. ಘಾಟಿಯಲ್ಲಿ ಓಡಾಡುವವರು ಹೊಸ ಫೋನು ಕೊಳ್ಳುವಾಗ ಕ್ಯಾಮೆರಾ ವಿಚಾರಿಸಿದಷ್ಟೇ ಆಸ್ಥೆಯಿಂದ ಇದನ್ನೂ ವಿಚಾರಿಸಿದರೆ ಲಾಭ.

ಸಾಧನವನ್ನು ಎಲ್ಲಿಟ್ಟಿದ್ದೀರಿ ಎಂಬುದು ಎಷ್ಟೋ ಸಲ ಅದು ಯಾವ ಸಾಧನ ಎಂಬುದಕ್ಕಿಂತ ಮುಖ್ಯವಾಗುತ್ತದೆ. ಮನುಷ್ಯನ ಮೈಯಲ್ಲೂ ನೀರೇ ಹೆಚ್ಚು. ಪ್ಯಾಂಟಿನ ಜೇಬಿನಲ್ಲಿಟ್ಟ ಫೋನಿಗೆ ಅರ್ಧ ಆಕಾಶ ಸವಾರನ ಮೈಯಿಂದಲೇ ಮುಚ್ಚಿಹೋಗಿರುತ್ತದೆ, ಜಾಕೆಟ್ಟಿನೊಳಗಿಟ್ಟರೂ ಹಾಗೆಯೇ. ಬೆನ್ನುಚೀಲದ ಹೆಗಲ ಪಟ್ಟಿ, ಚೀಲದ ಮೇಲ್ಜೇಬು, ಹ್ಯಾಂಡಲ್ ಒಳ್ಳೆಯ ಜಾಗಗಳು. ಹ್ಯಾಂಡಲ್‌ಗೆ ಫೋನು ಕಟ್ಟುವವರು ಎಂಜಿನ್ ನಡುಕದ ಬಗ್ಗೆ ಎಚ್ಚರವಿರಬೇಕು. ದೊಡ್ಡ ಬೈಕುಗಳ ನಡುಕದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ.

ಮಲೆನಾಡಿನ ಓದುಗರಿಗೆ ಈ ವಿಷಯದಲ್ಲಿ ಇನ್ನೊಂದು ಹತ್ತಿರದ ನಂಟೂ ಇದೆ. ಭಾರತದ ಸ್ವಂತ ಸ್ಥಾನಸೂಚಕ ವ್ಯವಸ್ಥೆ ನಾವಿಕ್‌ನ ಉಪಗ್ರಹಗಳ ಮೇಲ್ವಿಚಾರಣೆ ನಡೆಯುವುದು ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದಿಂದ. ಸ್ಥಾನಸೂಚನೆಯ ಲೆಕ್ಕಾಚಾರದ ಕೇಂದ್ರ ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ. ಬಿಸಿಲೆಯೂ ಹಾಸನ ಜಿಲ್ಲೆಯದೇ. ನಾವಿಕ್ ಉಪಗ್ರಹಗಳು ಭೂಮಿಯನ್ನೆಲ್ಲ ಸುತ್ತದೆ ನಮ್ಮ ಪ್ರದೇಶದ ಮೇಲೆಯೇ ಇರುವಂತೆ ಯೋಜಿಸಿದವು. ದಿಗಂತದ ಉಪಗ್ರಹಗಳು ಕಾಡಿನಲ್ಲಿ ಕೈಬಿಡುತ್ತವೆ ಎಂದೆನಲ್ಲ, ಎತ್ತರದಲ್ಲಿ ನಿಲ್ಲುವ ಉಪಗ್ರಹಗಳ ಬೆಲೆ ಅಲ್ಲಿಯೇ ಗೊತ್ತಾಗುವುದು. 2013ರ ಜುಲೈನಲ್ಲಿ ಮೊದಲ ಉಪಗ್ರಹ ಮೇಲೇರಿತು. ಆಮೇಲೆ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಸ್ವದೇಶಿ ಗಡಿಯಾರ ಹೊತ್ತು, ಸಾಮಾನ್ಯ ಫೋನುಗಳೂ ಕೇಳಬಲ್ಲ ಎಲ್-1 ತರಂಗದೊಂದಿಗೆ ಎನ್‌ವಿಎಸ್-01 ಹೋಯಿತು. 2025ರ ಜನವರಿಯಲ್ಲಿ ಶ್ರೀಹರಿಕೋಟಾದ ನೂರನೆಯ ಉಡಾವಣೆಯಲ್ಲಿ ಹೋದ ಎನ್‌ವಿಎಸ್-02 ತನ್ನ ಕಕ್ಷೆ ಸೇರಲಾಗಲಿಲ್ಲ. ಈ ವ್ಯವಸ್ಥೆ ಪೂರ್ಣಗೊಳ್ಳುವುದು ತಡವಾಗುತ್ತಲೇ ಇದೆ. ಮೀನುಗಾರರಿಗೆ, ಅರಣ್ಯ ರಕ್ಷಕರಿಗೆ, ಗುಡ್ಡಗಾಡಿನಲ್ಲಿ ಓಡಾಡುವ ಎಲ್ಲರಿಗೂ ಬೇಕಾದ ಈ ಕೆಲಸಕ್ಕೆ ಹೆಚ್ಚಿನ ಆದ್ಯತೆ ಸಿಗಲೇಬೇಕು.

ವಿಮಾನಗಳಿಗಾಗಿ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ಗಗನ್ ವ್ಯವಸ್ಥೆಯ ತಿದ್ದುಪಡಿ ಸಿಗ್ನಲ್ ಕೂಡ ನಮಗೆ ಸಿಗುತ್ತದೆ. ಅದು ಮೇಲ್ವಾತಾವರಣದಲ್ಲಾಗುವ ತಪ್ಪನ್ನು ತಿದ್ದುತ್ತದೆ. ಮರದಡಿ, ಬಂಡೆಯ ಬದಿಯಲ್ಲಿ ಆಗುವ ತಪ್ಪನ್ನು ಆಕಾಶದಿಂದ ಯಾರೂ ತಿದ್ದಲಾರರು. ಹಾಗೆಯೇ ದಕ್ಷಿಣ ಭಾರತ ಭೂಕಾಂತದ ಸಮಭಾಜಕಕ್ಕೆ ಸಮೀಪವಿರುವುದರಿಂದ ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ಕದಡಿ ಸಿಗ್ನಲ್ ಮಿನುಗುವುದುಂಟು. ದಾರಿ ತಪ್ಪಿದವರಿಗೆ ಜಿಪಿಎಸ್ ಹೆಚ್ಚು ಬೇಕಾಗುವುದು ಆ ಹೊತ್ತಿನಲ್ಲೇ. ಕತ್ತಲಾಗುವ ಮುನ್ನ ಕಾಡು ದಾಟುವುದಕ್ಕೆ ಆನೆಯ ಜೊತೆಗೆ ಇದೂ ಒಂದು ಕಾರಣ.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಆ ಪ್ರದೇಶದ ನಕ್ಷೆಯನ್ನು ಇಳಿಸಿಕೊಳ್ಳಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಸಿಕ್ಕರೆ ಒಂದು ಹಾಳೆ ಮುದ್ರಿಸಿ ಇಟ್ಟುಕೊಳ್ಳಿ. ಅದಕ್ಕೆ ಬ್ಯಾಟರಿ ಬೇಡ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಕೈಜಿಪಿಎಸ್ ಆದರೆ ಬಯಲಿನಲ್ಲಿ ಕಾಲು ಗಂಟೆ ತೆರೆದಿಡಿ. ಹೋಗುವ ದಾರಿಯನ್ನು ಮೊದಲಿನಿಂದಲೇ ದಾಖಲಿಸುತ್ತ ಹೋಗಿ, ಕಾಡಿನೊಳಗೆ ರಿಸೀವರ್ ಆಫ್ ಮಾಡಬೇಡಿ. ಬ್ಯಾಟರಿ ಉಳಿಸಬೇಕಿದ್ದರೆ ಪರದೆಯನ್ನು ಮಾತ್ರ ಆರಿಸಿ.

ಒಳಗೆ ಸಿಗ್ನಲ್ ತಪ್ಪಿದರೆ ನಿಲ್ಲಿ. ಸಿಗ್ನಲ್ ಹೋದ ಮೇಲೂ ಕೆಲವು ಸಾಧನಗಳು ಸ್ವಲ್ಪ ಹೊತ್ತು ಹಳೆಯ ವೇಗ, ಹಳೆಯ ದಿಕ್ಕನ್ನೇ ಹಿಡಿದು ಚುಕ್ಕಿಯನ್ನು ಮುಂದೆ ನಡೆಸುತ್ತವೆ. ದಾರಿ ತಿರುಗಿದರೂ ಅದು ನೆಟ್ಟಗೆ ಹೋಗುತ್ತಿರುತ್ತದೆ. ಅದನ್ನು ನಂಬಬಾರದು. ಹಿಂದೆ ಆಕಾಶ ಕಂಡ ಜಾಗಕ್ಕೆ ಮರಳುವುದು ಮುಂದೆ ಹುಡುಕುವುದಕ್ಕಿಂತ ಕ್ಷೇಮ. ಹೊಳೆಯ ಸೇತುವೆ, ವಿದ್ಯುತ್ ಲೈನಿಗಾಗಿ ಮರ ಕಡಿದ ಸೀಳು, ಪ್ರಪಾತದ ಬದಿಯ ತಿರುವು, ಗುಡ್ಡ ಜರಿದು ಬಯಲಾದ ಜಾಗದ ಎದುರು — ಇಂಥಲ್ಲಿ ಸಿಗ್ನಲ್ ಸಿಗುತ್ತದೆ. ಅಲೆಯ ಉದ್ದ 19 ಸೆಂಟಿಮೀಟರ್ ಎಂದೆನಲ್ಲ, ಆದ್ದರಿಂದ ಎರಡು ಹೆಜ್ಜೆ ಆಚೀಚೆ ಸರಿದರೂ ಸತ್ತ ಸಿಗ್ನಲ್ ಮರಳುವುದುಂಟು. ತೋಟದ ಕೆಲಸಕ್ಕೆ ಹೋಗುವವರು ಎದುರಾಗಿ ‘ಮುಂದೆ ಹೊಳೆ ಅಡ್ಡ ಬರುತ್ತೆ ಸಾರ್, ಗಾಡಿ ಹೋಗಲ್ಲ’ ಎಂದರೆ ಅವರ ಮಾತನ್ನು ಪರದೆಗಿಂತ ಮೇಲೆ ಇಡಿ. ಆ ದಾರಿಯಲ್ಲಿ ದಿನವೂ ನಡೆಯುವವರು ಅವರು.

ಕಾನೂನಿನ ಎರಡು ವಿಷಯ ಗೊತ್ತಿರಲಿ. ನಕ್ಷೆಯಲ್ಲಿ ದಾರಿ ಕಂಡ ಮಾತ್ರಕ್ಕೆ ಅದರಲ್ಲಿ ಬೈಕು ಓಡಿಸಬಹುದೆಂದಲ್ಲ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕೈಜಿಪಿಎಸ್ ಬರೀ ಕೇಳುವ ಸಾಧನ, ಅದಕ್ಕೆ ತೊಡಕಿಲ್ಲ. ಆದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ, ಉಪಗ್ರಹ ಫೋನು ಇವನ್ನು ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹೊರದೇಶದಿಂದ ರಜೆಗೆ ಬಂದು ಘಟ್ಟ ಹತ್ತುವ ಕನ್ನಡಿಗರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಕೊನೆಯದಾಗಿ, ಜೀವ ಉಳಿಸಬಲ್ಲ ಒಂದು ಸಂಗತಿ. ಅಪಘಾತವಾಗಿ 112ಕ್ಕೆ ಕರೆ ಮಾಡಿ ಜಾಗ ಹೇಳುವಾಗ ಅಂಕಿಗಳನ್ನು ಯಾವ ಪದ್ಧತಿಯಲ್ಲಿ ಓದುತ್ತಿದ್ದೀರಿ ಎಂದೂ ಹೇಳಬೇಕು. ಫೋನಿನಲ್ಲಿ ‘12.45’ ಎಂದಿದ್ದರೆ ಅದು ದಶಮಾಂಶ ಡಿಗ್ರಿ. ಹಳೆಯ ಪದ್ಧತಿಯಲ್ಲಿ ಅದು 12 ಡಿಗ್ರಿ 27 ನಿಮಿಷ. ಕೇಳಿಸಿಕೊಂಡವರು ಅದನ್ನು 12 ಡಿಗ್ರಿ 45 ನಿಮಿಷ ಎಂದು ಬರೆದುಕೊಂಡರೆ ನೆರವಿಗೆ ಬರುವ ತಂಡ 33 ಕಿಲೋಮೀಟರ್ ದೂರದ ಬೇರೆ ಕಾಡಿಗೆ ಹೋಗುತ್ತದೆ. ನಿಮ್ಮ ಫೋನಿನಲ್ಲಿ, ಕೈಜಿಪಿಎಸ್‌ನಲ್ಲಿ, ಜೊತೆಗೆ ಬರುವ ಎಲ್ಲರ ಸಾಧನಗಳಲ್ಲಿ ಇವತ್ತೇ ದಶಮಾಂಶ ಡಿಗ್ರಿಯನ್ನು ಆಯ್ದು ಇಟ್ಟುಕೊಳ್ಳಿ. ಮನೆಯವರಿಗೂ ಓದಲು ಕಲಿಸಿಕೊಡಿ.